ಭದ್ರಾವತಿ–ಶಿವಮೊಗ್ಗ ಬಿ.ಎಚ್. ರೋಡ್: ದಿನಾ ಓಡಾಡೋರ ರಿವ್ಯೂ, 5ಕ್ಕೆ 3.5

ಬಿ.ಎಚ್. ರೋಡ್ ಅಂದ್ರೆ ಬೆಂಗಳೂರು–ಹೊನ್ನಾವರ ರೋಡ್, ನಮ್ಮ ಹುಡುಗ್ರು ಎಷ್ಟೋ ಜನ ಬಿ ಅಂದ್ರೆ ಭದ್ರಾವತಿ ಅನ್ಕೊಂಡಿದಾರೆ. ತುಮಕೂರಲ್ಲೂ ಇದೇ ಹೆಸ್ರು, ಸಾಗರದಲ್ಲೂ ಇದೇ ಹೆಸ್ರು, ಮುಂದೆ ತಾಳಗುಪ್ಪ ದಾಟಿ ಗೇರುಸೊಪ್ಪ ಘಾಟಿ ಇಳಿದು ಸಮುದ್ರದ ತನಕ ಹೋಗತ್ತೆ. ನಾನು ಹೇಳ್ತಿರದು ಮಾತ್ರ ಭದ್ರಾವತಿಯಿಂದ ಶಿವಮೊಗ್ಗಕ್ಕಿರೋ ಸುಮಾರು 20 ಕಿಲೋಮೀಟರ್ ಬಗ್ಗೆ, ಎಂಟು ವರ್ಷದಿಂದ ಕೆಲ್ಸಕ್ಕೆ ಇದ್ರಲ್ಲೇ ಓಡಾಡ್ತಿದೀನಿ.

ಈ ರೋಡಿಗೆ ಜೀವ ಬಂದಿದ್ದೇ ಫ್ಯಾಕ್ಟರಿಯಿಂದ. ಬೀರೂರು–ಶಿವಮೊಗ್ಗ ರೈಲು 1899ರಲ್ಲೇ ಬಂದಿತ್ತು ನಿಜ, ಆಗಿನ್ನೂ ನಮ್ಮೂರು ಬೆಂಕಿಪುರ ಅನ್ನೋ ಸಣ್ಣ ಊರು. ವಿಶ್ವೇಶ್ವರಯ್ಯನೋರು ಹಟ ಹಿಡಿದು ತಂದ ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರುವಾಗಿ, 1923ಕ್ಕೆ ಕುಲುಮೆಯಿಂದ ಕಬ್ಬಿಣ ಬರಕ್ಕೆ ಹತ್ತಿ, ಅದಿರು ಕೆಮ್ಮಣ್ಣುಗುಂಡಿದು, ಇದ್ದಿಲು ನಮ್ಮ ಮಲ್ನಾಡ ಕಾಡಿನ ಮರದ್ದು, ಆಮೇಲೆ 1936ರಲ್ಲಿ ಪೇಪರ್ ಮಿಲ್ಲೂ ಆಯ್ತು. ನಮ್ಮಪ್ಪ ಡ್ಯೂಟಿಗೆ ಹೋಗೋ ಕಾಲಕ್ಕೆ ಶಿವಮೊಗ್ಗದೋರು ಬೆಳಿಗ್ಗೆ ಬಸ್ ತುಂಬ್ಕೊಂಡು ಇಲ್ಲಿಗೆ ಬರ್ತಿದ್ರಂತೆ. ಈಗ ಬೆಳಿಗ್ಗೆ ತುಂಬೋದು ಆ ಕಡೆ ಹೋಗೋ ಬಸ್ಸು. ಪೇಪರ್ ಮಿಲ್ ನಿಂತು ವರ್ಷಗಳೇ ಆದ್ವು, ಅದರ ಹತ್ರ ಹೋದಾಗೆಲ್ಲ ಸಂಕಟ ಆಗತ್ತೆ.

ಬಸ್ ವಿಷ್ಯದಲ್ಲಿ ಪೂರ್ತಿ ಮಾರ್ಕ್ಸ್ ಕೊಡ್ತೀನಿ, ಸರ್ಕಾರಿದೂ ಇದಾವೆ ಪ್ರೈವೇಟೂ ಇದಾವೆ, ಹಗಲಲ್ಲಿ ಹತ್ತು ನಿಮಿಷದ ಮೇಲೆ ಕಾದಿದ್ದು ನಂಗೆ ನೆನಪಿಲ್ಲ. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ವಿದ್ಯಾನಗರ ಆದ್ಮೇಲೆ ಹೊಳೆ ಬಸ್ ಸ್ಟಾಪ್, ಅಲ್ಲಿ ತುಂಗೆ. ಮಳೆಗಾಲದಲ್ಲಿ ಸೇತುವೆ ಬಂದ ಕೂಡ್ಲೆ ಬಸ್ಸಲ್ಲಿರೋರೆಲ್ಲ ಎದ್ದು ನಿಂತು 'ಮಂಟಪ ಮುಳುಗ್ತಾ' ಅಂತ ಕೇಳ್ತಾರೆ, ಕೋರ್ಪಲಯ್ಯನ ಛತ್ರದ ಹತ್ರ ಹೊಳೆಲಿರೋ ಕಲ್ಲುಮಂಟಪ ಅದು, ಅದು ಮುಳುಗಿದ್ರೆನೇ ನಮಗೆ ಮಳೆ ಜೋರು ಅಂತ ಲೆಕ್ಕ.

ಒಂದೂವರೆ ಸ್ಟಾರ್ ಕಟ್ ಮಾಡಿದ್ದು ನಡ್ಕೊಂಡು ಹೋಗೋರಿಗೋಸ್ಕರ. ಅಗಲ ಆದಲ್ಲೆಲ್ಲ ಗಾಡಿ ಹಾರ್ಕೊಂಡು ಹೋಗತ್ತೆ, ದಾಟೋರ ಪಾಡು ಯಾರಿಗೂ ಬೇಡ. ಹೋದ ಆಷಾಢದಲ್ಲಿ ಒಂದು ಸ್ಟಾಪಲ್ಲಿ ತಲೆ ಮೇಲೆ ಒಂದು ತಗಡೂ ಇಲ್ದೆ ಅಜ್ಜಿ ಒಬ್ರು ಚೀಲ ಹಿಡ್ಕೊಂಡು ನೆನೀತಾ ನಿಂತಿದ್ರು, ನನ್ನ ಕೊಡೆಯೊಳಗೆ ಕರ್ಕೊಂಡು ಆ ಕಡೆ ದಾಟ್ಸಕ್ಕೆ ಹೋದಾಗ ಬೈಕೊಂದು ನಮ್ಮಿಬ್ರನ್ನೂ ಸವರ್ಕೊಂಡೇ ಹೋಯ್ತು, ಅಜ್ಜಿ ಕೈ ನಡುಗ್ತಿದ್ದಿದ್ದು ಇನ್ನೂ ಮರ್ತಿಲ್ಲ. ರೋಡ್ ಮಾಡೋರು ಟಾರಿಗೆ ಕೊಡೋ ಗಮನದಲ್ಲಿ ಸ್ವಲ್ಪನಾದ್ರೂ ಸ್ಟಾಪಿಗೆ, ಲೈಟಿಗೆ ಕೊಡ್ಬೇಕು.

ಜೋಗಕ್ಕೆ ಅಂತ ಕಾರಲ್ಲಿ ಬರೋರು ಸಂಜೆ ಹೊತ್ತು ಮಾಚೇನಹಳ್ಳಿ ಹತ್ರ ದಯವಿಟ್ಟು ಸ್ಪೀಡ್ ಇಳಿಸಿ, ಗಾರ್ಮೆಂಟ್ಸ್ ಬಿಟ್ಟಿರತ್ತೆ, ಹೆಣ್ಮಕ್ಳು ಗುಂಪುಗುಂಪಾಗಿ ಕತ್ಲಲ್ಲೇ ರೋಡ್ ದಾಟ್ತಿರ್ತಾರೆ.