ಎಂಜಲಿನಿಂದ ವಂಶಮೂಲ: ಒಂದು ಡಿಎನ್‌ಎ ಪರೀಕ್ಷಾ ಸೇವೆಯ ವಿಮರ್ಶೆ

ಮನೆಗೆ ಬಂದ ಕಿಟ್‌ನ ಕೊಳವೆಯಲ್ಲಿ ಗೆರೆಯವರೆಗೆ ಎಂಜಲು ತುಂಬಿ ಕೊರಿಯರ್ ಮಾಡಿದರೆ ವಂಶಮೂಲದ ವರದಿ ಕೊಡುವ ಸೇವೆಯೊಂದನ್ನು ಇತ್ತೀಚೆಗೆ ಬಳಸಿದೆ. ಪ್ರಾಚೀನ ಮಾನವರ ಡಿಎನ್‌ಎ ಜೊತೆಗಿನ ಹೋಲಿಕೆಗಾಗಿಯೇ ನಾನು ಹಣ ಕೊಟ್ಟಿದ್ದರಿಂದ ಆ ಪುಟಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಅಳಿದುಹೋದ ಪ್ರಾಚೀನ ಮಾನವರಾದ ನಿಯಾಂಡರ್ತಾಲರ ಪುಟ ನಿಜಕ್ಕೂ ಚೆನ್ನಾಗಿದೆ. ಡಿಎನ್‌ಎಯನ್ನು ಹೊತ್ತ ವರ್ಣತಂತುಗಳನ್ನು (ಕ್ರೋಮೋಸೋಮ್) ಉದ್ದನೆಯ ಪಟ್ಟಿಗಳಾಗಿ ಬರೆದು, ನಿಯಾಂಡರ್ತಾಲರಿಂದ ಬಂದ ತುಣುಕುಗಳಿಗೆ ಬಣ್ಣ ಹಚ್ಚಿದ್ದಾರೆ. ಒಟ್ಟು ಶೇಕಡಾ 2ರ ಆಸುಪಾಸು. ಆಫ್ರಿಕಾದ ಹೊರಗಿನ ಮೂಲದವರಲ್ಲೆಲ್ಲ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ ಎಂಬುದನ್ನೂ ಮುಚ್ಚಿಟ್ಟಿಲ್ಲ. ಈ ಲೆಕ್ಕವನ್ನು ನಂಬಬಹುದು. ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂಳೆಗಳಿಂದ ತಳಿವಿಜ್ಞಾನಿ ಸ್ವಾಂಟೆ ಪಾಬೊ ಅವರ ತಂಡ 2010ರಲ್ಲಿ ನಿಯಾಂಡರ್ತಾಲರ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಕರಡನ್ನು ಪ್ರಕಟಿಸಿತು. ಮುಂದೆ ಅದೇ ಗುಹೆಯಿಂದಲೂ ಸೈಬೀರಿಯಾದ ಆಲ್ಟಾಯ್ ಪ್ರದೇಶದಿಂದಲೂ ಇನ್ನಷ್ಟು ಸ್ಪಷ್ಟವಾದ ಜೀನೋಮ್‌ಗಳು ದೊರೆತವು. ಮೂರನೆಯ ವರ್ಣತಂತುವಿನ ಒಂದು ತುಣುಕಿನ ವಿವರಣೆಯನ್ನಂತೂ ಆಸಕ್ತಿಯಿಂದ ಓದಿದೆ. ಡಿಎನ್‌ಎಯ ಸುಮಾರು 50,000 ಅಕ್ಷರಗಳಷ್ಟು ಉದ್ದದ ಈ ತುಣುಕು ಕೋವಿಡ್ ಉಲ್ಬಣಿಸುವ ಅಪಾಯವನ್ನು ಹೆಚ್ಚಿಸುತ್ತದೆ ಎಂದೂ, ಅದು ನಿಯಾಂಡರ್ತಾಲರಿಂದ ಬಂದದ್ದೆಂದೂ 2020ರಲ್ಲಿ ತಿಳಿದುಬಂತು. ಯುರೋಪಿನ ಸುಮಾರು ಶೇಕಡಾ 16 ಮಂದಿಯಲ್ಲಿರುವ ಅದು ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿದೆ. ವಯಸ್ಸಿನ ಪಾತ್ರ ಇದಕ್ಕಿಂತ ದೊಡ್ಡದೆಂಬ ಎಚ್ಚರಿಕೆಯನ್ನು ಪಕ್ಕದಲ್ಲೇ ಕೊಟ್ಟಿರುವುದು ಮೆಚ್ಚತಕ್ಕ ಸಂಗತಿ.

ಸಿಂಧೂ ನಾಗರಿಕತೆಯ ಪುಟದಲ್ಲಿ ಈ ಪ್ರಾಮಾಣಿಕತೆ ಕಾಣುವುದಿಲ್ಲ. ದಶಮಾಂಶ ಸಹಿತವಾದ ಶೇಕಡಾವಾರು ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದವರು, ಯಾವ ಅಸ್ಥಿಪಂಜರದೊಂದಿಗೆ ಹೋಲಿಸಿದೆವೆಂಬುದನ್ನು ಎಲ್ಲಿಯೂ ಹೇಳಿಲ್ಲ. ಬಿಸಿ ಹವೆಯಲ್ಲಿ ಡಿಎನ್‌ಎ ಬೇಗ ಚೂರಾಗುತ್ತದೆ. ಸಿಂಧೂ ನಾಗರಿಕತೆಯ ನೆಲೆಯಾದ ಹರಿಯಾಣದ ರಾಖಿಗಢಿಯ 61 ಮಾದರಿಗಳನ್ನು ಪರೀಕ್ಷಿಸಿದಾಗ ಬಳಕೆಗೆ ಬಂದದ್ದು ಒಬ್ಬ ಮಹಿಳೆಯ ಜೀನೋಮ್ ಮಾತ್ರ, ಅದೂ ಅಪೂರ್ಣವಾಗಿ. 2019ರ ಆ ಅಧ್ಯಯನ ಇರಾನಿನ ಶಹರ್-ಇ-ಸೊಖ್ತಾ ಮತ್ತು ತುರ್ಕಮೇನಿಸ್ತಾನದ ಗೋನೂರ್‌ಗಳಲ್ಲಿ ದೊರೆತ, ವಂಶಮೂಲದಲ್ಲಿ ಆಕೆಯನ್ನು ಹೋಲುವ 11 ಮಂದಿಯ ನೆರವು ಪಡೆಯಬೇಕಾಯಿತು. ಇಷ್ಟು ವಿರಳ ಆಧಾರದ ಅಂದಾಜನ್ನು ಅಳೆದು ತೂಗಿದ ಸತ್ಯವೆಂಬಂತೆ ಮುಂದಿಡುವುದು, ಮೂಲನಿವಾಸಿಗಳು ಯಾರೆಂಬ ಪ್ರಶ್ನೆ ಸುಲಭವಾಗಿ ಜಗಳಕ್ಕೆ ತಿರುಗುವ ನಮ್ಮ ದೇಶದಲ್ಲಿ, ಹೊಣೆಗೇಡಿ ಕೆಲಸವೆಂದೇ ನನ್ನ ಅಭಿಪ್ರಾಯ.

ಹೋಲಿಕೆಗೆ ಬಳಸಿದ ಮಾದರಿಗಳ ಪಟ್ಟಿಯನ್ನು ವರದಿಯಲ್ಲೇ ಸೇರಿಸಬೇಕೆಂದು ಕಂಪನಿಗೆ ಬರೆದಿದ್ದೇನೆ. ಸದ್ಯಕ್ಕೆ ಐದರಲ್ಲಿ ಮೂರು ನಕ್ಷತ್ರ. ಆ ಮೂರೂ ನಿಯಾಂಡರ್ತಾಲ್ ಪುಟಕ್ಕೇ ಸಲ್ಲುತ್ತವೆ.