ರಂಗಶಂಕರ, ಕಲಾಕ್ಷೇತ್ರ, ಕಲಾಸೌಧ: ಸಂಜೆಯ ನಾಟಕಕ್ಕೆ ಯಾವುದು ವಾಸಿ?

ಬೆಂಗಳೂರಲ್ಲಿ ನಾಟಕ ನೋಡಬೇಕು, ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಈಗಿನವರು ರಂಗಶಂಕರ ಅನ್ನುತ್ತಾರೆ. ಹಳಬರು ರವೀಂದ್ರ ಕಲಾಕ್ಷೇತ್ರ ಅನ್ನುತ್ತಾರೆ. ಹನುಮಂತನಗರದ ಕೆ.ಎಚ್. ಕಲಾಸೌಧದ ಹೆಸರು ಹೇಳುವವರು ಕಡಿಮೆ. ಹೇಳಿದರೂ ಅವರು ಬಸವನಗುಡಿ, ಶ್ರೀನಗರದ ಕಡೆಯವರೇ ಆಗಿರುತ್ತಾರೆ. ನಾನು ಕೆಲವು ವರ್ಷಗಳಿಂದ ಮೂರೂ ಕಡೆ ನಾಟಕ ನೋಡುತ್ತಾ ಬಂದಿದ್ದೇನೆ. ಯಾವ ನಾಟಕ ಚೆನ್ನಾಗಿತ್ತು ಅನ್ನುವ ಚರ್ಚೆ ಇಲ್ಲಿ ಬೇಡ. ಎಷ್ಟೋ ಸಲ ಅದೇ ತಂಡ ಅದೇ ನಾಟಕವನ್ನು ಮೂರೂ ಕಡೆ ಆಡುತ್ತದೆ. ಸಂಜೆ ಮಾತ್ರ ಮೂರು ಥರ ಇರುತ್ತದೆ. ಮನೆ ಬಿಟ್ಟಾಗಿನಿಂದ ವಾಪಸ್ ಬಂದು ಚಪ್ಪಲಿ ಬಿಡುವ ತನಕ ಏನೇನು ಸಿಗುತ್ತದೆ, ಅದಷ್ಟರ ಹೋಲಿಕೆ ಇದು.

ಮೊದಲು ರಂಗಶಂಕರ. ಜೆ.ಪಿ. ನಗರ ಎರಡನೇ ಹಂತದಲ್ಲಿದೆ. ಶಂಕರ್ ನಾಗ್ ನೆನಪಿಗೆ ಅಂತ ಅರುಂಧತಿ ನಾಗ್ ಮತ್ತು ಅವರ ಗೆಳೆಯರು ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ್ದು. 2004ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಸೋಮವಾರ ರಜೆ. ಉಳಿದ ದಿನ ಸಾಮಾನ್ಯವಾಗಿ ಸಂಜೆ ಏಳೂವರೆಗೆ ನಾಟಕ. ವಾರದ ಕೊನೆಯಲ್ಲಿ ಮಧ್ಯಾಹ್ನ ಮೂರೂವರೆಗೂ ಒಂದು ಪ್ರದರ್ಶನ ಇರುವುದುಂಟು. ಏಳೂವರೆ ಅಂದರೆ ಏಳೂವರೆಯೇ. ಬಾಗಿಲು ಹಾಕಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕೈಯಲ್ಲಿ ಟಿಕೆಟ್ ಇದ್ದರೂ ಅಷ್ಟೇ, ದೊಡ್ಡವರ ಕಡೆಯವರಾದರೂ ಅಷ್ಟೇ.

ಈ ಊರಿನ ಟ್ರಾಫಿಕ್‌ನಲ್ಲಿ ಇಂಥ ನಿಯಮ ಇಟ್ಟುಕೊಂಡು ಇಷ್ಟು ವರ್ಷ ನಡೆಸಿದ್ದೇ ದೊಡ್ಡದು. ಅದರ ಬೆಲೆ ಕೊಡಬೇಕಾದವರು ಮಾತ್ರ ನಾವು. ಐದೂವರೆಯಿಂದಲೇ ಗಡಿಯಾರ ನೋಡುವುದು ಶುರು. ಬನಶಂಕರಿಯ ಸಿಗ್ನಲ್ಲಿನಲ್ಲಿ ಕೂತಾಗ ನಾಟಕದ ಮೇಲಿನ ಆಸೆ ಅರ್ಧ ಇಳಿದಿರುತ್ತದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬಂದ ಮೇಲೆ ಸ್ವಲ್ಪ ಸಲೀಸಾಗಿದೆ. ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೊ ಸಾಕು, ನಡೆಯುವ ಅಭ್ಯಾಸ ಇದ್ದವರಿಗೆ ಅದೂ ಬೇಡ.

ಸರಿಯಾದ ಹೊತ್ತಿಗೆ ಹೋಗಿ ಸೇರಿದರೆ ಇನ್ನೊಂದು ತಾಪತ್ರಯ, ಖುಷಿಯ ತಾಪತ್ರಯ. ಸೀಟಿಗೆ ನಂಬರ್ ಇಲ್ಲ. ಮೊದಲು ಬಂದವರಿಗೆ ಒಳ್ಳೆಯ ಜಾಗ. ಹಾಗಾಗಿ ಮೆಟ್ಟಿಲ ಮೇಲೆ ಕ್ಯೂ ಬೆಳೆಯುತ್ತದೆ. ಕೆಳಗೆ ಕೆಫೆಯಲ್ಲಿ ಅಕ್ಕಿರೊಟ್ಟಿ, ಸಬ್ಬಕ್ಕಿ ವಡೆ. ತಿನ್ನೋದಾ, ನಿಲ್ಲೋದಾ? ಇಬ್ಬರು ಹೋಗಿದ್ದರೆ ಒಬ್ಬರು ಕ್ಯೂನಲ್ಲಿ ನಿಂತು ಇನ್ನೊಬ್ಬರು ತಟ್ಟೆ ಹಿಡಿದು ಬರುವುದು ರೂಢಿ. ಒಬ್ಬರೇ ಹೋದರೆ ಮುಂದಿನವರಿಗೆ, ‘ಸ್ವಲ್ಪ ನೋಡ್ಕೊತೀರಾ, ಈಗ ಬಂದೆ’ ಅಂದರೆ ಆಯಿತು, ಯಾರೂ ಇಲ್ಲ ಅನ್ನುವುದಿಲ್ಲ. ನಾಟಕದವರ ಎಷ್ಟೋ ಸುದ್ದಿ ನನಗೆ ಸಿಕ್ಕಿದ್ದು ಆ ಮೆಟ್ಟಿಲುಗಳಲ್ಲೇ.

ಒಳಗೆ ಸುಮಾರು ಮುನ್ನೂರಿಪ್ಪತ್ತು ಸೀಟು. ಸಾಲುಗಳು ಕಡಿದಾಗಿ ಇಳಿದಿವೆ, ಮುಂದಿನವರ ತಲೆ ಅಡ್ಡ ಬರುವುದಿಲ್ಲ. ರಂಗ ಪ್ರೇಕ್ಷಕರ ಕಡೆಗೇ ಚಾಚಿಕೊಂಡಿದೆ. ಮೈಕ್ ಇಲ್ಲದೆ ಮಾತಾಡಿದರೂ ಕೊನೆಯ ಸಾಲಿಗೆ ಕೇಳುತ್ತದೆ. ನಟ ಉಸಿರು ಎಳೆದುಕೊಂಡದ್ದೂ ಕೇಳುತ್ತದೆ. ಯಾರ ಫೋನೂ ಹೊಳೆಯುವುದಿಲ್ಲ. ಮುನ್ನೂರು ಜನ ಒಂದೂವರೆ ಗಂಟೆ ಫೋನ್ ಮುಟ್ಟದೆ ಕೂರುವುದನ್ನು ಈ ಊರಲ್ಲಿ ಬೇರೆಲ್ಲಿ ನೋಡುತ್ತೀರಿ ಹೇಳಿ. ಒಬ್ಬಿಬ್ಬರೇ ನಟರಿರುವ, ಮೆಲ್ಲಗೆ ನಡೆಯುವ ನಾಟಕವಾದರೆ ರಂಗಶಂಕರವನ್ನು ಬಿಟ್ಟು ಬೇರೆ ಕಡೆ ನೋಡಲೇಬೇಡಿ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಅಲ್ಲಿನ ಜನ ಬೇರೆ. ಕಾಲೇಜು ಹುಡುಗರು, ಐಟಿಯವರು, ಜಯನಗರದ ವಯಸ್ಸಾದ ದಂಪತಿಗಳು, ಎಲ್ಲ ಭಾಷೆಯವರು. ಕನ್ನಡ ನಾಟಕಕ್ಕೆ ಕನ್ನಡ ಅರೆಬರೆ ಬರುವವರೂ ಬರುತ್ತಾರೆ. ಜೋಕಿಗೆ ಪಕ್ಕದವರು ನಕ್ಕ ಮೇಲೆ ನಗುತ್ತಾರೆ. ಇದನ್ನು ಕೆಲವರು ಆಡಿಕೊಳ್ಳುತ್ತಾರೆ. ನನಗಂತೂ ಹಾಗೆ ಬಂದು ಕೂರುವವರನ್ನು ಕಂಡರೆ ಪ್ರೀತಿ.

ಈಗ ಕಲಾಕ್ಷೇತ್ರ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಸರ್ಕಾರಿ ರಂಗಮಂದಿರ, 1963ರಲ್ಲಿ ಶುರುವಾಯಿತು. ಜಾಗ ಜೆ.ಸಿ. ರಸ್ತೆ. ಒಂದು ಕಡೆ ಪುರಭವನ, ಇನ್ನೊಂದು ಕಡೆ ಕಾರಿನ ಸೀಟ್ ಕವರು, ಹಾರ್ನು, ಬಿಡಿಭಾಗ ಮಾರುವ ಅಂಗಡಿಗಳ ಸಾಲು. ಕಾರಿಗೆ ಹೊಸ ಸ್ಪೀಕರ್ ಕೂರಿಸುತ್ತಿರುವ ಸದ್ದು ದಾಟಿಕೊಂಡು ನಾಟಕಕ್ಕೆ ಹೋಗಬೇಕು.

ಇಲ್ಲಿ ಏಳೂವರೆಯ ಭಯ ಇಲ್ಲ. ಆಹ್ವಾನ ಪತ್ರಿಕೆಯಲ್ಲಿ ಸಂಜೆ ಆರು ಅಂತ ಇರುತ್ತದೆ. ಆರಕ್ಕೆ ಹೋದರೆ ಕುರ್ಚಿಗಳು ನಿಮ್ಮನ್ನು ನೋಡುತ್ತಿರುತ್ತವೆ. ಎಷ್ಟೋ ಸಂಘಟಕರಿಗೆ ನಾಟಕಕ್ಕೆ ಮೊದಲು ಸಭೆ ಆಗಲೇಬೇಕು. ದೀಪ ಬೆಳಗುವುದು, ಸ್ವಾಗತ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಿತರ ಜೊತೆ ಎಲ್ಲರ ಫೋಟೊ. ಭಾಷಣ ಮಾಡುವವರು ‘ನಾನು ಜಾಸ್ತಿ ಮಾತಾಡಲ್ಲ’ ಅಂದರೆ ಇನ್ನು ಇಪ್ಪತ್ತು ನಿಮಿಷ ಅಂತ ಲೆಕ್ಕ. ಅಷ್ಟು ಹೊತ್ತೂ ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡ ನಟರು ಕಾಯುತ್ತಿರುತ್ತಾರೆ. ಎಲ್ಲರೂ ಹೀಗಲ್ಲ, ಹೊತ್ತಿಗೆ ಸರಿಯಾಗಿ ಶುರು ಮಾಡುವ ತಂಡಗಳೂ ಇವೆ. ನನ್ನ ಉಪಾಯ ಇಷ್ಟೇ. ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಎಷ್ಟಿವೆ ನೋಡುವುದು, ಅದರ ಮೇಲೆ ಮನೆ ಬಿಡುವ ಹೊತ್ತು ಗೊತ್ತು ಮಾಡುವುದು.

ಸಭಾಂಗಣ ದೊಡ್ಡದು, ಬಾಲ್ಕನಿಯೂ ಇದೆ. ಮೈಕ್ ಬೇಕೇ ಬೇಕು. ಮೇಲೆ ಕೂತರೆ ನಟರ ಮುಖಕ್ಕಿಂತ ಮೈ ಜಾಸ್ತಿ ಕಾಣುತ್ತದೆ. ಹಾಗಾಗಿ ಇಪ್ಪತ್ತು ಮೂವತ್ತು ಜನ ರಂಗದ ಮೇಲೆ ಬರುವ, ಹಾಡು ಕುಣಿತ ಇರುವ, ಪೌರಾಣಿಕ ಐತಿಹಾಸಿಕ ನಾಟಕಗಳಿಗೆ ಇದು ಸರಿ. ಮೇಳದವರು ಒಟ್ಟಿಗೆ ದನಿ ಎತ್ತಿದಾಗ ಆ ದೊಡ್ಡ ಹಾಲು ತುಂಬುವುದಿದೆಯಲ್ಲ, ಅದು ರಂಗಶಂಕರದಲ್ಲಿ ಸಿಗುವುದಿಲ್ಲ.

ಆದರೆ ಕಲಾಕ್ಷೇತ್ರಕ್ಕೆ ಹೋಗುವುದು ಬರೀ ಒಳಗಿನ ನಾಟಕಕ್ಕಲ್ಲ. ಹೊರಗಿನ ಮೆಟ್ಟಿಲು, ಮರದ ನೆರಳು, ಟೀ ಲೋಟ. ಅಲ್ಲಿ ನಿಂತವರಲ್ಲಿ ಅರ್ಧ ಜನ ಯಾವುದಾದರೂ ತಂಡದವರು, ಇಲ್ಲವೇ ಒಂದು ಕಾಲದಲ್ಲಿ ತಂಡದಲ್ಲಿ ಇದ್ದವರು. ‘ಭಾನುವಾರ ನಮ್ಮದು ಸಾರ್, ಬರ್ಲೇಬೇಕು’ ಅಂತ ಕೈಗೆ ಕರಪತ್ರ ತುರುಕುತ್ತಾರೆ. ಒಂದು ಸಂಜೆ ನಿಂತರೆ ಮುಂದಿನ ತಿಂಗಳ ನಾಟಕಗಳೆಲ್ಲ ಜೇಬಿನಲ್ಲಿರುತ್ತವೆ. ಪಕ್ಕದಲ್ಲೇ ಕನ್ನಡ ಭವನ. ಅದರೊಳಗೆ ನಯನ ಸಭಾಂಗಣ, ಅಲ್ಲೂ ಏನಾದರೂ ನಡೆಯುತ್ತಿರುತ್ತದೆ. ಇಲ್ಲಿ ಸಭೆ ಬೇಸರವಾದರೆ ಎದ್ದು ಅಲ್ಲಿಗೆ ಹೋಗಬಹುದು. ಹಿಂದುಗಡೆ ಸಂಸರ ಹೆಸರಿನ ಬಯಲು ರಂಗಮಂದಿರ. ಮೈಸೂರು ಅರಸರ ಕಾಲದ ಕಥೆಗಳನ್ನು ನಾಟಕ ಮಾಡಿದ ಸಂಸ ಬದುಕಿದ್ದಾಗ ಊರೂರು ಅಲೆದವರು. ಅವರ ಹೆಸರಿಗೆ ಬಯಲು ರಂಗವೇ ಸಿಕ್ಕಿದ್ದು ಸರಿಹೋಯಿತು ಅನಿಸುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಅಲ್ಲಿ ನಾಟಕ ಇದ್ದರೆ ಶಾಲು ಹೊದ್ದುಕೊಂಡು ಹೋಗಿ. ಬಸ್ಸಿನ ಹಾರ್ನ್ ಸಂಭಾಷಣೆಯ ಮಧ್ಯೆ ಬರುತ್ತದೆ, ಬರಲಿ ಬಿಡಿ.

ನಮ್ಮ ಅಮ್ಮನಿಗೆ ಕಲಾಕ್ಷೇತ್ರವೇ ಇಷ್ಟ. ‘ಆ ರಂಗಶಂಕರದಲ್ಲಿ ಕೆಮ್ಮೋಕೂ ಹೆದರಿಕೆ ಆಗತ್ತೆ ಕಣೋ’ ಅನ್ನುತ್ತಾರೆ. ಅವರಿಗೆ ನಾಟಕ ನೋಡುತ್ತಾ ಪಕ್ಕದವರ ಜೊತೆ ಎರಡು ಮಾತಾಡಬೇಕು. ‘ಇವಳೇ ಅಲ್ವಾ ಆ ಸೀರಿಯಲ್‌ನಲ್ಲಿ ಅತ್ತೆ ಪಾತ್ರ ಮಾಡೋಳು?’ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದೂ ನಾಟಕ ನೋಡುವ ಒಂದು ರೀತಿಯೇ, ಅಲ್ವಾ?

ಕಲಾಸೌಧ ಇರುವುದು ಹನುಮಂತನಗರದ ರಾಮಾಂಜನೇಯ ಗುಡ್ಡದ ಆವರಣದಲ್ಲಿ. ಕೆ.ಎಚ್. ಅಂದರೆ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. ಮೇಲೆ ರಾಮ ಹನುಮಂತನನ್ನು ತಬ್ಬಿಕೊಂಡ ದೊಡ್ಡ ಮೂರ್ತಿ, ದೇವಸ್ಥಾನ. ಅಲ್ಲೇ ನಾಟಕದ ಹಾಲು. ಪೂಜೆ ಮುಗಿಸಿ ಹಣೆಗೆ ಕುಂಕುಮ ಇಟ್ಟುಕೊಂಡೇ ಒಳಗೆ ಬಂದು ಕೂರುವವರಿದ್ದಾರೆ. ವಾಕಿಂಗ್ ಶೂನಲ್ಲಿ ಬರುವ ಅಂಕಲ್‌ಗಳಿದ್ದಾರೆ. ಟಿಕೆಟ್ ನೂರೋ ನೂರೈವತ್ತೋ ಇನ್ನೂರೋ, ಅದರ ಆಸುಪಾಸು.

ಇಲ್ಲಿ ಆಡುವವರು ಹೆಚ್ಚಾಗಿ ಹವ್ಯಾಸಿ ತಂಡದವರು. ಹಗಲು ಬ್ಯಾಂಕು, ಸ್ಕೂಲು, ಕಾಲ್ ಸೆಂಟರು, ರಾತ್ರಿ ರಿಹರ್ಸಲ್ಲು. ಮೊದಲ ಸಲ ರಂಗಕ್ಕೆ ಬರುವವರೂ ಇರುತ್ತಾರೆ. ಮಾತು ಮರೆಯುತ್ತದೆ, ಲೈಟು ತಪ್ಪು ಕಡೆ ಬೀಳುತ್ತದೆ. ಆಗ ಅವರ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂತು ಉಸಿರು ಬಿಗಿ ಹಿಡಿದಿರುತ್ತಾರೆ. ಮದುವೆ ಮನೆಯಲ್ಲಿ ಊಟ ಸ್ವಲ್ಪ ತಡವಾದರೂ ಯಾರೂ ಎದ್ದು ಹೋಗುವುದಿಲ್ಲವಲ್ಲ, ಹಾಗೆ. ನಾಟಕ ಪೂರ್ತಿ ಸಪ್ಪೆಯಾದ ಸಂಜೆಗಳೂ ಇಲ್ಲಿ ಸಿಕ್ಕಿವೆ, ಸುಮ್ನೆ ಹೊಗಳುವುದಿಲ್ಲ. ಒಳ್ಳೆಯದಾದಾಗ ಮಾತ್ರ ಬಹಳ ಒಳ್ಳೆಯದಾಗಿರುತ್ತದೆ.

ಒಂದು ಹಾಸ್ಯ ನಾಟಕವನ್ನು ಮೂರೂ ಕಡೆ ನೋಡಿದ್ದೇನೆ. ಅದರಲ್ಲಿ ಮಾವ ಅಳಿಯನ ಹತ್ತಿರ ಸಾಲ ಕೇಳುವ ದೃಶ್ಯ ಬರುತ್ತದೆ. ಕೇಳಿದ ಮೇಲೆ ಇಬ್ಬರೂ ಮಾತಿಲ್ಲದೆ ನಿಲ್ಲುತ್ತಾರೆ. ರಂಗಶಂಕರದಲ್ಲಿ ಆ ಮೌನ ಎಷ್ಟು ಹೊತ್ತು ನಿಂತಿತು ಅಂದರೆ ಹಾಸ್ಯ ನಾಟಕ ಅನ್ನುವುದೇ ಮರೆತುಹೋಯಿತು. ಮಾವನ ಅವಮಾನ ಕಾಣಿಸಿತು. ಕಲಾಕ್ಷೇತ್ರದಲ್ಲಿ ಯಾವುದೋ ಮಗು ‘ಮುಗೀತಾ ಅಪ್ಪ?’ ಅಂತ ಜೋರಾಗಿ ಕೇಳಿತು. ಜನ ನಕ್ಕರು, ನಟರು ಅದನ್ನು ಅರಿತು ಬೇಗ ಮುಂದಿನ ಮಾತಿಗೆ ಹೋದರು. ಕಲಾಸೌಧದಲ್ಲಿ ಹಿಂದಿನಿಂದ ಒಬ್ಬರು ‘ಕೊಡಬೇಡಪ್ಪಾ, ವಾಪಸ್ ಬರಲ್ಲ!’ ಅಂದರು. ಅಳಿಯನ ಪಾತ್ರದವನು ಅವರ ಕಡೆ ತಿರುಗಿ ನಿಧಾನಕ್ಕೆ ತಲೆಯಾಡಿಸಿದ. ಹಾಲಿಗೆ ಹಾಲೇ ಬಿದ್ದು ನಕ್ಕಿತು. ನಾಟಕ ಬರೆದವರಿಗೆ ಯಾವುದು ಬೇಕಿತ್ತು ಅಂದರೆ ಬಹುಶಃ ಮೊದಲನೆಯದು. ನನಗೆ ಇವತ್ತಿಗೂ ಮಜಾ ಕೊಡುವುದು ಮೂರನೆಯದು.

ನನ್ನ ಓಟು ಕಲಾಸೌಧಕ್ಕೆ ಬೀಳುವುದಕ್ಕೆ ಇನ್ನೂ ಒಂದು ಕಾರಣವಿದೆ. ಅಲ್ಲಿಗೆ ಹೋಗಲು ಪ್ಲ್ಯಾನ್ ಬೇಡ. ಗಾಂಧಿ ಬಜಾರಿಗೆ ಹೂವು ಹಣ್ಣು ತರಲು ಹೋದವರು ಹಾಗೇ ನಡೆದುಕೊಂಡು ಗುಡ್ಡದ ಕಡೆ ಹೊರಟರೆ ಆಯಿತು. ಅವರೆಕಾಯಿ ಕಾಲದಲ್ಲಿ ಒಂದು ಚೀಲ ಅವರೆಕಾಯಿ ಹಿಡಿದೇ ನಾಟಕ ನೋಡಿದವರನ್ನು ಕಂಡಿದ್ದೇನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಹೊತ್ತಿಗೆ ಬಸವನಗುಡಿಯ ಆ ಗಲಾಟೆಯಲ್ಲಿ ಒಂದು ಸುತ್ತು ಹಾಕಿ, ಜೇಬಿಗೆ ಕಡಲೆಕಾಯಿ ತುಂಬಿಕೊಂಡು ಈ ಕಡೆ ಬರಬಹುದು. ಹಾಲಿನ ಒಳಗೆ ಮಾತ್ರ ಸುಲಿಯಬೇಡಿ, ದಯವಿಟ್ಟು. ರಂಗಶಂಕರಕ್ಕೆ ನಾನು ತಿಂಗಳಿಗೆ ಒಂದು ಸಲ ಹೋದರೆ ಹೆಚ್ಚು. ಕಲಾಸೌಧಕ್ಕೆ ಮಾತ್ರ ಶನಿವಾರ ಭಾನುವಾರ ಕಾಲು ತಾನಾಗಿಯೇ ಹೋಗುತ್ತದೆ. ನಾಟಕ ವಾರದ ಅಭ್ಯಾಸ ಆಗುವುದಕ್ಕೂ ವರ್ಷಕ್ಕೆ ನಾಲ್ಕು ಸಲದ ಹಬ್ಬ ಆಗುವುದಕ್ಕೂ ವ್ಯತ್ಯಾಸ ಇದೆ.

ನಾಟಕ ಬಿಟ್ಟ ಮೇಲಿನದನ್ನೂ ಹೇಳಬೇಕು. ಜೆ.ಪಿ. ನಗರದಲ್ಲಿ ಒಂಬತ್ತೂವರೆಗೂ ಊಟಕ್ಕೆ ಜಾಗ ಸಿಗುತ್ತದೆ. ಜೆ.ಸಿ. ರಸ್ತೆಯಲ್ಲಿ ಅಷ್ಟು ಹೊತ್ತಿಗೆ ಅಂಗಡಿಗಳೆಲ್ಲ ಷಟರ್ ಎಳೆದಿರುತ್ತವೆ, ಮಾರ್ಕೆಟ್ ಮೆಟ್ರೊ ತನಕ ಬೇಗ ಬೇಗ ಹೆಜ್ಜೆ ಹಾಕಬೇಕು. ಹನುಮಂತನಗರದಲ್ಲಿ ಐವತ್ತಡಿ ರಸ್ತೆಗೆ ಬಂದರೆ ಏನಾದರೊಂದು ತೆರೆದಿರುತ್ತದೆ.

ಚಿತ್ರಕಲೆ ನೋಡುವವರಿಗೂ ಊರಲ್ಲಿ ಇಂಥದ್ದೇ ಜೋಡಿ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಮತ್ತು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಮೊದಲನೆಯದು ತಂಪು, ಶಾಂತ, ದೊಡ್ಡ ಮರಗಳು, ಸೋಮವಾರ ರಜೆ. ರಂಗಶಂಕರದ ಅಣ್ಣನ ಥರ. ಪರಿಷತ್ತಿನಲ್ಲಿ ಚಿತ್ರ ಬರೆದವರೇ ತಮ್ಮ ಚಿತ್ರಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ‘ಇದೇನು ಸಾರ್ ಇದು?’ ಅಂತ ನೇರ ಕೇಳಬಹುದು, ಅವರಿಗೂ ಖುಷಿ. ಜನವರಿಯ ಒಂದು ಭಾನುವಾರ ಚಿತ್ರಸಂತೆ ಇದ್ದಾಗ ಇಡೀ ರಸ್ತೆಯೇ ಹೀಗೆ. ಅಲ್ಲಿ ಜನ ಎಷ್ಟು ಅಂದರೆ ಚಿತ್ರ ನೋಡಬೇಕಾದರೆ ಬೆಳಗ್ಗೆ ಒಂಬತ್ತಕ್ಕೇ ಹೋಗಬೇಕು. ನನಗೆ ಇಲ್ಲಿ ಮಾತ್ರ ಓಟು ತಿರುಗುತ್ತದೆ. ಚಿತ್ರದ ಮುಂದೆ ನನ್ನನ್ನು ಯಾರೂ ಮಾತಾಡಿಸಬಾರದು. ಹಾಗಾಗಿ ಅರಮನೆ ರಸ್ತೆಯೇ ಸರಿ.

ನಾಟಕವನ್ನೇ ನೋಡಿರದ ಗೆಳೆಯರನ್ನು ಕರೆದುಕೊಂಡು ಹೋಗುವುದಾದರೆ ರಂಗಶಂಕರಕ್ಕೆ ಹೋಗಿ, ಕಲಾಸೌಧದ ಸಪ್ಪೆ ಸಂಜೆ ಸಿಕ್ಕಿದರೆ ಅವರು ಮತ್ತೆ ಬರುವುದಿಲ್ಲ. ಮಕ್ಕಳಿಗೆ ಅಂತಲೇ ರಂಗಶಂಕರದಲ್ಲಿ ‘ಆಹಾ’ ಅನ್ನುವ ನಾಟಕೋತ್ಸವ ಆಗುತ್ತದೆ, ಅದನ್ನು ಬಿಡಬೇಡಿ. ಊರಿಂದ ಬಂದ ದೊಡ್ಡವರಿದ್ದರೆ ಕಲಾಕ್ಷೇತ್ರ, ಒಳ್ಳೆಯ ಹಾಡುಗಳಿರುವ ನಾಟಕ ನೋಡಿಕೊಂಡು. ಒಬ್ಬರೇ ಇದ್ದೀರಿ, ಮನೆಯಲ್ಲಿ ಬೇಸರ, ಹತ್ತಿರದಲ್ಲೇ ವಾಸ ಅಂದರೆ ಗುಡ್ಡದ ಕಡೆ ಬನ್ನಿ. ಬಾಗಿಲಲ್ಲೇ ಟಿಕೆಟ್ ಸಿಗುವುದು ಹೆಚ್ಚು, ಆದರೆ ಹೊಸ ನಾಟಕದ ಮೊದಲ ಪ್ರದರ್ಶನವಾದರೆ ಅರ್ಧ ಗಂಟೆ ಮುಂಚೆ ಬನ್ನಿ. ಮುಂದಿನ ಸಾಲುಗಳು ನಟರ ನೆಂಟರಿಗೆ ಹೋಗಿರುತ್ತವೆ.