ಕರಡಿಗೊಂದು, ಚುಕ್ಕಿಗೊಂದು, ತೇರಿಗೊಂದು ದುರ್ಬೀನು

ಕೊಪ್ಪಳದಲ್ಲಿ ನನ್ನ ಕೊರಳಲ್ಲಿ ದುರ್ಬೀನು ಕಂಡವರೆಲ್ಲ ಕೇಳುವುದು ಒಂದೇ ಮಾತು: "ಇದರಾಗ ಎಷ್ಟು ಕಿಲೋಮೀಟರ್ ಕಾಣ್ತೈತ್ರೀ?" ಚಂದ್ರ 3,84,000 ಕಿಲೋಮೀಟರ್ ದೂರ ಇದ್ದಾನೆ, ಬರಿಗಣ್ಣಿಗೇ ಕಾಣುತ್ತಾನೆ, ಅಲ್ವಾ? ಆ ಲೆಕ್ಕ ಬಿಡಿ. ಮೈಮೇಲೆ 8×42 ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಅನ್ನುವುದು. ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.

ನನ್ನ ಹತ್ತಿರ ಎರಡಿವೆ, 8×25 ಮತ್ತು 8×42. ಗೆಳೆಯನ 10×50 ಚಳಿಗಾಲ ಪೂರ್ತಿ ನಮ್ಮನೆಯಲ್ಲೇ ಇತ್ತು. ನಾಲ್ಕನೇದು ತಂಗಿಯ ಮಗ ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ 20×50.

ಡಿಸೆಂಬರಿನಲ್ಲಿ ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ದರೋಜಿ ಕರಡಿಧಾಮಕ್ಕೆ ಹೋದೆವು. ಅಲ್ಲಿ ಗೋಪುರದ ಮೇಲೆ ನಿಂತು ನೋಡಬೇಕು. ಎದುರಿನ ಬಂಡೆಗಳಿಗೆ ಅರಣ್ಯ ಇಲಾಖೆಯವರು ಬೆಲ್ಲದ ಪಾಕ ಸವರಿರುತ್ತಾರೆ, ಇಳಿಹೊತ್ತಿಗೆ ಕರಡಿಗಳು ಬಂದು ನೆಕ್ಕುತ್ತವೆ. ನಾಲ್ಕು ಗಂಟೆಯ ಬಿಸಿಲಲ್ಲಿ ನನ್ನ ಎರಡರ ನಡುವೆ ಅಂಥ ವ್ಯತ್ಯಾಸವೇ ಕಾಣಲಿಲ್ಲ, ಸುಮ್ನೆ ದುಡ್ಡು ಹಾಕಿದೆನಾ ಅನಿಸಿತು. ಐದೂವರೆ ದಾಟಿದ ಮೇಲೆ ಆಟ ಬದಲಾಯಿತು. ಕರಡಿ ಕಪ್ಪು, ಬಂಡೆಯ ಸಂದಿಯೂ ಕಪ್ಪು. 8×25ರಲ್ಲಿ ಏನೋ ಒಂದು ಗುಡ್ಡೆ ಅಲ್ಲಾಡುತ್ತಿತ್ತು, ಅಷ್ಟೇ. ಅದೇ ಕರಡಿಯನ್ನು 8×42ರಲ್ಲಿ ನೋಡಿದರೆ ಮಾಸಿದ ಬಿಳಿ ಮೂತಿ, ಎದೆಯ ಮೇಲಿನ ಬಿಳಿ ಪಟ್ಟಿ, ನೆಕ್ಕುವಾಗ ಅಲುಗುವ ಜೂಲು, ಎಲ್ಲ ಕಂಡಿತು. ಎರಡೂ ಎಂಟು ಪಟ್ಟೇ. ಆದರೆ 42ನ್ನು 8ರಿಂದ ಭಾಗಿಸಿದರೆ ಐದು ಚಿಲ್ಲರೆ ಮಿಲಿಮೀಟರ್ ಬರುತ್ತದೆ, ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. 25ಕ್ಕೆ ಬರುವುದು ಬರೀ ಮೂರು. ಕತ್ತಲಾದಂತೆ ನಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ, ಅದನ್ನು ತುಂಬಿಸುವಷ್ಟು ಬೆಳಕು ಚಿಕ್ಕದರಿಂದ ಬರುವುದಿಲ್ಲ.

20×50ರದ್ದು ಇನ್ನೂ ಕಡಿಮೆ, ಎರಡೂವರೆ. ಮೇಲಿಂದ ಕೈನಡುಕವೂ ಇಪ್ಪತ್ತು ಪಟ್ಟು. ಉಸಿರು ಬಿಗಿಹಿಡಿದರೂ ಕರಡಿ ಕುಣಿಯುತ್ತಿತ್ತು. ಅದರ ಗಾಜಿಗೆ ಕೆಂಪು ಹೊಳಪಿನ ಲೇಪ ಬೇರೆ. ನೋಡೋಕೆ ಜೋರಾಗಿರುತ್ತದೆ, ಆದರೆ ಕೆಂಪು ಬೆಳಕನ್ನು ಹೊರಗೇ ತಿರುಗಿಸಿ ಕಳಿಸುವುದರಿಂದ ಒಳಗಿನ ನೋಟ ಹಸಿರು ಹಸಿರು. ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿರಲಿಲ್ಲ ಅನಿಸುತ್ತದೆ, ಎರಡು ನಿಮಿಷಕ್ಕೆ ನನಗೆ ತಲೆನೋವು ಬಂತು. ಹುಡುಗನ ಮುಖ ನೋಡಿ ಜಾಸ್ತಿ ಏನೂ ಹೇಳಲಿಲ್ಲ.

ಇನ್ನು 10×50. ಹಗಲಿಗೆ ನನಗೆ ಅದು ಬೇಡ. 900 ಗ್ರಾಂ ಹತ್ತಿರ ತೂಕ, ಅದನ್ನು ಕೊರಳಿಗೆ ಹಾಕಿಕೊಂಡು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ನೋಡಿ, ಗೊತ್ತಾಗುತ್ತದೆ. (ಮೇಲೆ ಸೂರ್ಯೋದಯದ ಹೊತ್ತಿಗೆ ಹುಡುಗ ಅದನ್ನು ಸೂರ್ಯನ ಕಡೆಗೇ ತಿರುಗಿಸಿದ, ಕಿತ್ತುಕೊಂಡೆ. ಕಣ್ಣೇ ಹೋಗುತ್ತದೆ, ಹುಷಾರು.) ಮುನಿರಾಬಾದಿನ ಹಿಂದೆ ತುಂಗಭದ್ರಾ ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ತುಂಬಾ ದೂರ ಕೂತಿದ್ದಾಗ, ಬೆಳಿಗ್ಗೆ ಮಾತ್ರ, ಅದು ಒಂದು ಕೈ ಮೇಲೆ. ಹತ್ತು ಗಂಟೆ ಆದಮೇಲೆ ನೀರಿನ ಮೇಲಿನ ಝಳಕ್ಕೆ ಎಲ್ಲವೂ ನಡುಗುತ್ತದೆ, ಹತ್ತು ಪಟ್ಟಿನಲ್ಲಿ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ.

ರಾತ್ರಿ ಮಾತ್ರ ಅದೇ ರಾಜ. ಕುಷ್ಟಗಿ ಕಡೆ ಮಾವನವರ ಹೊಲದಲ್ಲಿ ಹೊರಸಿನ ಮೇಲೆ ಅಂಗಾತ ಮಲಗಿ, ಮೊಣಕೈ ಎದೆಗೆ ಒತ್ತಿಕೊಂಡು ನೋಡಿದೆ. ಕೃತ್ತಿಕೆ ಬರಿಗಣ್ಣಿಗೆ ಆರು ಚುಕ್ಕಿ, ಇದರಲ್ಲಿ ಎಣಿಸೋಕಾಗದಷ್ಟು. ಗುರುಗ್ರಹದ ನಾಲ್ಕು ದೊಡ್ಡ ಚಂದ್ರರಲ್ಲಿ ಮೂರು ಪಕ್ಕದಲ್ಲಿ ಸಾಲಾಗಿ ಕಂಡವು. ನಾಲ್ಕನೇದು ಅದರ ಹಿಂದೋ ಮುಂದೋ ಇದ್ದಿರಬೇಕು. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಹೊಗೆಯ ಗೀರಿನಂತೆ ತೇಲುತ್ತಿತ್ತು. "ಇಷ್ಟಕ್ಕ ನಿದ್ದಿ ಗೆಟ್ಟೀರೇನು?" ಅಂದರು ಮಾವ. ಹೌದು ಅಂದೆ.

ಚಷ್ಮಾ ಇದ್ದವರು ಒಂದು ಗಮನಿಸಿ. ಆ 10×50ರಲ್ಲಿ ಕಣ್ಣನ್ನು ಗಾಜಿಗೆ ತೀರಾ ಹತ್ತಿರ ಇಡಬೇಕು, ಚಷ್ಮಾ ಹಾಕಿಕೊಂಡರೆ ಕೊಳವೆಯಲ್ಲಿ ಇಣುಕಿದ ಹಾಗೆ ನಡುವಿನ ಒಂದಿಷ್ಟೇ ಕಾಣುತ್ತದೆ. ಪೂರ್ತಿ ನೋಟ ಕಾಣೋಕೆ ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಡಬಹುದು ಅನ್ನುವುದಕ್ಕೆ ಐ ರಿಲೀಫ್ ಅನ್ನುತ್ತಾರೆ, ಅದು 15 ಮಿಲಿಮೀಟರಿಗಿಂತ ಜಾಸ್ತಿ ಇರುವುದನ್ನೇ ಕೇಳಿ. ಬರೀ ದೂರದ ನಂಬರ್ ಇದ್ದರೆ ಚಷ್ಮಾ ತೆಗೆದು ಫೋಕಸ್ ಮಾಡಿಕೊಳ್ಳಬಹುದು, ನನ್ನ ಹಾಗೆ ಸಿಲಿಂಡರ್ ನಂಬರ್ (ಕಣ್ಣಿನ ವಕ್ರತೆಗೆ ಕೊಡುವುದು) ಜಾಸ್ತಿ ಇದ್ದರೆ ಅದೂ ನಡೆಯಲ್ಲ.

ಒಂದೇ ಕೊಳ್ಳುವುದಾದರೆ 8×42 ಕೊಳ್ಳಿ. ತುಂಗಭದ್ರೆಯಲ್ಲಿ ನೀರುನಾಯಿ ಹುಡುಕೋಕೂ ಅದೇ ಸರಿ, ನೋಟ ಅಗಲ ಇರುವುದರಿಂದ ಮುಳುಗಿ ಬೇರೆ ಕಡೆ ಎದ್ದರೂ ಕೈತಪ್ಪುವುದು ಕಡಿಮೆ.

8×25 ವ್ಯರ್ಥ ಅಂತಲ್ಲ. ಗವಿಮಠದ ಜಾತ್ರೆಯಲ್ಲಿ ಆ ಜನದೊಳಗೆ ಅವ್ವನನ್ನು ಕರೆದುಕೊಂಡು ಹೋಗೋಕಾಗದೆ, ಮಾಳಿಗೆಯ ಮೇಲೆ ಕುರ್ಚಿ ಹಾಕಿ ಅದನ್ನು ಕೈಗೆ ಕೊಟ್ಟೆ. ಬೆಳಕು ಇನ್ನೂ ಇತ್ತು. ಕಳಸ ನೋಡಿದಳು, ತೇರಿಗೆ ಎಸೆದ ಉತ್ತತ್ತಿ ಯಾರ ಮೇಲೆ ಬಿತ್ತು ಅನ್ನುವುದನ್ನೂ ಹೇಳಿದಳು. ಮಡಚಿದರೆ ಅಂಗೈ ಅಗಲ ಆಗುತ್ತದೆ. ಈಗ ಅವಳ ಎಲೆ ಅಡಿಕೆ ಚೀಲದಲ್ಲಿದೆ, ಕೇಳಿದರೆ ಕೊಡುತ್ತಿಲ್ಲ.